ನೋವು ಹೋಗುತ್ತದೆ, ಓಡಿದರೆ ಮತ್ತೆ ಬರುತ್ತದೆ: 57ಕ್ಕೆ ನಿಲ್ಲಿಸಲೇಬೇಕಾ?

ಪ್ರಶ್ನೆ: ನನಗೆ 57 ವರ್ಷ. ಸುಮಾರು 20 ವರ್ಷದಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದಾರು ಕಿಲೋಮೀಟರ್ ಓಡುತ್ತಿದ್ದೆ. ಎಂಟು ತಿಂಗಳ ಹಿಂದೆ ಎಡಗಾಲಿನ ಹಿಮ್ಮಡಿಯಿಂದ ಮೂರು ಬೆರಳು ಮೇಲೆ, ನರ ಹಿಡಿದುಕೊಂಡ ಹಾಗೆ ನೋವು ಶುರುವಾಯಿತು. ಡಾಕ್ಟರು ಟೆಂಡನ್ ತೊಂದರೆ ಎಂದರು, ವಿಶ್ರಾಂತಿ ಹೇಳಿದರು. ಆರು ವಾರ ಓಟ ಬಿಟ್ಟೆ, ನೋವು ಹೋಯಿತು. ಮತ್ತೆ ಓಡಿದೆ, ಎರಡೇ ವಾರಕ್ಕೆ ವಾಪಸ್ ಬಂತು. ಹೀಗೆ ಮೂರು ಸಲ ಆಗಿದೆ. ಈಗ ನೋವಿಲ್ಲ, ಆದರೆ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮುಟ್ಟು ನಿಂತು ಐದು ವರ್ಷ ಆಯಿತು. ಮನೆಯಲ್ಲಿ ಎಲ್ಲರೂ "ಈ ವಯಸ್ಸಿಗೆ ವಾಕಿಂಗ್ ಸಾಕು" ಎನ್ನುತ್ತಾರೆ. ಹತ್ತು ವಾರದ ನಂತರ ಇರುವ 10 ಕಿ.ಮೀ. ಓಟಕ್ಕೆ ಹೆಸರು ಬೇರೆ ಕೊಟ್ಟಿದ್ದೇನೆ. ಓಡಲಾ, ಬಿಡಲಾ?

ಉತ್ತರ:

ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ವಯಸ್ಸಲ್ಲ, "ಹೀಗೆ ಮೂರು ಸಲ ಆಗಿದೆ" ಎನ್ನುವ ಮಾತು. ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ. ಹಿಮ್ಮಡಿ ಹಿಡಿದುಕೊಂಡು ಬರುವವರಲ್ಲಿ ಮುಕ್ಕಾಲು ಜನರ ಕಥೆ ಇದೇ. ನೋಯುತ್ತದೆ, ಬಿಡುತ್ತಾರೆ. ನೋವು ಹೋಗುತ್ತದೆ, ಬಿಟ್ಟ ಜಾಗದಿಂದಲೇ ಶುರು ಮಾಡುತ್ತಾರೆ. ಮತ್ತೆ ನೋಯುತ್ತದೆ. ಮೂರನೇ ಸಲಕ್ಕೆ "ನನ್ನ ಕಾಲೇ ಸರಿಯಿಲ್ಲ" ಎಂದೋ "ವಯಸ್ಸಾಯಿತು" ಎಂದೋ ತೀರ್ಮಾನ ಮಾಡಿಬಿಡುತ್ತಾರೆ.

ನಿಮ್ಮ ಕಾಲು ಕೆಟ್ಟಿಲ್ಲ. ನೋವು ಹೋಗುವುದು ಒಂದು, ಕಾಲು ಓಟಕ್ಕೆ ತಯಾರಾಗುವುದು ಇನ್ನೊಂದು. ವಿಶ್ರಾಂತಿಯಿಂದ ಮೊದಲನೆಯದು ಮಾತ್ರ ಆಗುತ್ತದೆ. ಎರಡನೆಯದಕ್ಕೆ ಕಾಲಿನ ಮೇಲೆ ಭಾರ ಹಾಕಲೇಬೇಕು, ಅದೂ ಲೆಕ್ಕ ಇಟ್ಟುಕೊಂಡು. ಆ ಭಾಗವನ್ನು ನಿಮಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ.

ಮೊದಲು ಒಂದು ಸಣ್ಣ ಮಾತು. ನಾವೆಲ್ಲ "ನರ ಹಿಡಿದುಕೊಂಡಿದೆ" ಎನ್ನುವ ಜಾಗದಲ್ಲಿ ನೋಯುತ್ತಿರುವುದು ನಿಜವಾದ ನರ ಅಲ್ಲ. ಮೀನಖಂಡದ ಸ್ನಾಯುವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ದಪ್ಪ ಹುರಿ ಅದು, ಅದನ್ನೇ ಅಕಿಲಿಸ್ ಟೆಂಡನ್ ಎನ್ನುವುದು. ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು, ಯಾಕೆಂದರೆ ನರಕ್ಕೆ ಏನೋ ಆಗಿದೆ ಎಂದುಕೊಂಡವರು ಕಾಲು ಅಲ್ಲಾಡಿಸಲೂ ಹೆದರುತ್ತಾರೆ. ಟೆಂಡನ್ ಹಾಗೆ ಹೆದರಿಕೊಂಡು ನೋಡಿಕೊಳ್ಳಬೇಕಾದ ವಸ್ತುವಲ್ಲ. ನೀವು ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ನಿಮ್ಮ ದೇಹದ ತೂಕದ ಆರೆಂಟು ಪಟ್ಟು ಎಳೆತ ಬೀಳುತ್ತದೆ. ನಡೆಯುವಾಗ ಅದರ ಅರ್ಧದಷ್ಟು. ಈಗ ಯೋಚನೆ ಮಾಡಿ: ಆರು ವಾರ ಬರೀ ಮನೆಯೊಳಗೆ ಓಡಾಡಿದ ಕಾಲನ್ನು ಒಂದು ಬೆಳಿಗ್ಗೆ ಎದ್ದು ಐದು ಕಿಲೋಮೀಟರ್ ಓಡಿಸಿದರೆ ಅದಕ್ಕೆ ಹೇಗಾಗಬೇಡ?

ಟೆಂಡನ್ನಿನ ಸ್ವಭಾವದ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. 1955ರಿಂದ 1963ರವರೆಗೆ ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆಗಳು ನಡೆದವಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಸಿಕ್ಕಾಪಟ್ಟೆ ಏರಿತ್ತು, ಆಮೇಲೆ ನಿಧಾನಕ್ಕೆ ಇಳಿಯಿತು. ಆ ಗುರುತು ಆಗಿನ ಜನರ ದೇಹದೊಳಗೂ ಉಳಿದಿದೆ. ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಅದೇ ಗುರುತನ್ನು ಬಳಸಿ ಅಕಿಲಿಸ್ ಟೆಂಡನ್ನಿನ ವಯಸ್ಸು ಅಳೆದರು. ಗೊತ್ತಾದದ್ದು ಏನೆಂದರೆ, ಅದರ ನಡುಭಾಗ ಸುಮಾರು 17 ವರ್ಷದೊಳಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಸ್ನಾಯು ಹಾಗಲ್ಲ, ಅದು ಸದಾ ಹೊಸದಾಗುತ್ತಿರುತ್ತದೆ. ಅಂದರೆ ನೀವು ಕಾಲೇಜಿಗೆ ಹೋಗುತ್ತಿದ್ದಾಗಿನ ಟೆಂಡನ್ನನ್ನೇ ಇವತ್ತೂ ಓಡಿಸುತ್ತಿದ್ದೀರಿ!

ಇದರಿಂದ ತಿಳಿಯಬೇಕಾದದ್ದು ಇಷ್ಟು. ಹದಗೆಟ್ಟ ಜಾಗ ಮಲಗಿದರೆ ಹೊಸದಾಗಿ ಹುಟ್ಟುವುದಿಲ್ಲ. ಅದರ ಸುತ್ತ ಇರುವ ಗಟ್ಟಿ ಭಾಗ ಇನ್ನಷ್ಟು ಭಾರ ಹೊರುವುದನ್ನು ಕಲಿಯಬೇಕು, ಮೀನಖಂಡಕ್ಕೆ ಕಸುವು ಬರಬೇಕು. ಹಾಗಾಗಿಯೇ ಪೂರ್ತಿ ವಾಸಿಯಾಗಿ ಓಡುತ್ತಿರುವವರ ಸ್ಕ್ಯಾನಿನಲ್ಲೂ ಟೆಂಡನ್ ದಪ್ಪವಾಗಿ, ಗೋಜಲಾಗಿ ಕಾಣಬಹುದು. ಸ್ಕ್ಯಾನ್ ನೋಡಿ ಗಾಬರಿಯಾಗಬೇಡಿ. ನೋವಿಲ್ಲದಿದ್ದರೆ "ಸರಿಹೋಯಿತಾ ನೋಡೋಣ" ಎಂದು ಸುಮ್ನೆ ಇನ್ನೊಂದು ಸ್ಕ್ಯಾನ್ ಮಾಡಿಸುವ ಅಗತ್ಯವೂ ಇಲ್ಲ.

ವಿಶ್ರಾಂತಿ ಹೇಳಿದ ಡಾಕ್ಟರನ್ನು ನಾನು ಬೈಯುತ್ತಿಲ್ಲ. ಪೆಟ್ಟಾದಾಗ ವಿಶ್ರಾಂತಿ, ಐಸ್, ಬಿಗಿಯಾಗಿ ಕಟ್ಟುವುದು, ಎತ್ತರಕ್ಕೆ ಇಡುವುದು ಎಂಬ ನಾಲ್ಕು ಮಾತಿನ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ಬರೆದರು. ಇಡೀ ಜಗತ್ತು ಅದನ್ನು ಬಾಯಿಪಾಠ ಮಾಡಿತು. 2014ರ ಹೊತ್ತಿಗೆ ಅದೇ ಮಿರ್ಕಿನ್ ಮಾತು ತಿದ್ದಿಕೊಂಡರು, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡಮಾಡಬಹುದು ಎಂದರು. ಕಾಲು ಉಳುಕಿದ ಮೊದಲ ಎರಡು ಮೂರು ದಿನ ಸುಮ್ಮನಿರುವುದು ಸರಿ. ತಿಂಗಳುಗಟ್ಟಲೆ ಇರುವ ಟೆಂಡನ್ ನೋವಿಗೆ ಅದೇ ಮದ್ದು ಅಲ್ಲ.

ಏದುಸಿರಿನ ವಿಷಯ ಹೇಳುತ್ತೇನೆ, ಯಾಕೆಂದರೆ ಅದು ನಿಮ್ಮನ್ನು ಜಾಸ್ತಿ ಹೆದರಿಸಿದ ಹಾಗಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐದು ಜನ ಆರೋಗ್ಯವಂತ ಹುಡುಗರನ್ನು, ಎಲ್ಲರೂ 20ರ ಆಸುಪಾಸು, ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದಮ್ಮು, ಅಂದರೆ ಜೋರಾಗಿ ದುಡಿಯುವಾಗ ದೇಹ ಬಳಸಬಲ್ಲ ಆಮ್ಲಜನಕ, ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. 30 ವರ್ಷ ಬಿಟ್ಟು ಅದೇ ಐವರನ್ನು ಮತ್ತೆ ಕರೆಸಿ ಅಳೆದರು. 50 ದಾಟಿದ್ದರು, ಹೊಟ್ಟೆ ಬಂದಿತ್ತು. ಆದರೂ ಅವರ ದಮ್ಮು 20ನೇ ವಯಸ್ಸಿನಲ್ಲಿ ಮಲಗಿ ಎದ್ದಾಗ ಇದ್ದದ್ದಕ್ಕಿಂತ ಕೆಟ್ಟಿರಲಿಲ್ಲ. ಮೂವತ್ತು ವರ್ಷದ ವಯಸ್ಸು ಮಾಡದ ಹಾನಿಯನ್ನು ಮೂರು ವಾರದ ಹಾಸಿಗೆ ಮಾಡಿತ್ತು. ಆಮೇಲೆ ಅವರಿಗೆ ಆರು ತಿಂಗಳು ನಿಧಾನಕ್ಕೆ ನಡೆಸಿ, ಓಡಿಸಿ, ಸೈಕಲ್ ತುಳಿಸಿದರು. ಸರಾಸರಿಯಲ್ಲಿ ದಮ್ಮು 20ರ ವಯಸ್ಸಿನಲ್ಲಿ ಮಲಗುವ ಮೊದಲು ಇದ್ದ ಮಟ್ಟಕ್ಕೆ ವಾಪಸ್ ಬಂತು.

ನೀವು ಹಾಸಿಗೆ ಹಿಡಿದಿಲ್ಲ ನಿಜ. ಆದರೆ ಎಂಟು ತಿಂಗಳಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂತಿದ್ದೀರಿ. ಮಹಡಿ ಹತ್ತುವಾಗಿನ ಏದುಸಿರಿಗೆ ವಯಸ್ಸಿಗಿಂತ ಇದೇ ದೊಡ್ಡ ಕಾರಣ ಇರಬಹುದು. ಹಾಗಂತ ಪತ್ರ ಓದಿ ನಾನು ಅದನ್ನು ಖಚಿತವಾಗಿ ಹೇಳಲಾರೆ. ಬಿಪಿ ಇದೆ, 57 ಆಗಿದೆ, ಏದುಸಿರು ಹೊಸದು. ಒಮ್ಮೆ ಡಾಕ್ಟರ ಹತ್ತಿರ ಹೋಗಿ ಎದೆ ಪರೀಕ್ಷೆ, ಇಸಿಜಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತ ಕಡಿಮೆಯಿದ್ದರೂ ಏದುಸಿರು ಬರುತ್ತದೆ. ಸಕ್ಕರೆ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಅವೆರಡೂ ಜಾಸ್ತಿ ಇದ್ದರೆ ಟೆಂಡನ್ ಬೇಗ ಹದಗೆಡುತ್ತದೆ, ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಇನ್ನೊಂದು, ಈಚೆಗೆ ಸಿಪ್ರೋಫ್ಲೋಕ್ಸಾಸಿನ್, ಲೆವೋಫ್ಲೋಕ್ಸಾಸಿನ್ ಥರದ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಆ ಗುಂಪಿನ ಔಷಧಿಗಳಿಂದ ಅಕಿಲಿಸ್ ಟೆಂಡನ್ ಹರಿಯುವ ಅಪಾಯ ಇದೆ, 60 ದಾಟಿದವರಿಗೆ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ.

ಇನ್ನು ಕಾಲಿನ ಕೆಲಸಕ್ಕೆ ಬರೋಣ.

ಸ್ವೀಡನ್ನಿನ ಮೂಳೆ ಡಾಕ್ಟರ್ ಹೋಕನ್ ಅಲ್ಫ್ರೆಡ್ಸನ್ ಅವರಿಗೂ ನಿಮ್ಮದೇ ನೋವು ಇತ್ತು. ಅವರ ಬಗ್ಗೆ ಫಿಸಿಯೋಗಳು ಹೇಳಿಕೊಳ್ಳುವ ಕಥೆ ಹೀಗಿದೆ: ಆಪರೇಷನ್ ಮಾಡಿ ಎಂದು ಕೇಳಿದರೆ ಮೇಲಿನವರು ಒಪ್ಪಲಿಲ್ಲ. ಸರಿ, ಟೆಂಡನ್ ಹರಿದೇ ಹೋದರೆ ಮಾಡಲೇಬೇಕಲ್ಲ ಎಂದು ಇವರು ಬೇಕಂತಲೇ ನೋವಿನ ಮೇಲೆ ಭಾರ ಹಾಕಿ ಹಿಮ್ಮಡಿ ಇಳಿಸುತ್ತಾ ಹೋದರು. ಹರಿಯಲಿಲ್ಲ, ವಾಸಿಯಾಯಿತು! 1998ರಲ್ಲಿ ಅವರು ಆಪರೇಷನ್ನಿಗೆ ಕಾಯುತ್ತಿದ್ದ 15 ಓಟಗಾರರಿಗೆ ಇದನ್ನೇ ಮಾಡಿಸಿ ಪ್ರಕಟಿಸಿದರು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವುದು, ಮಂಡಿ ನೇರವಾಗಿಟ್ಟು 15ರ ಮೂರು ಸುತ್ತು, ಮಂಡಿ ಬಗ್ಗಿಸಿ ಮೂರು ಸುತ್ತು, ದಿನಕ್ಕೆ ಎರಡು ಸಲ. ಲೆಕ್ಕ ಹಾಕಿದರೆ ದಿನಕ್ಕೆ 180. ಹನ್ನೆರಡು ವಾರದಲ್ಲಿ ಹದಿನೈದೂ ಜನ ಓಟಕ್ಕೆ ವಾಪಸಾದರು.

ದಿನಕ್ಕೆ 180 ಎಂದರೆ ಯಾರಿಗೂ ಮಾಡುವ ಮನಸ್ಸಾಗುವುದಿಲ್ಲ, ನನಗೂ ಆಗುವುದಿಲ್ಲ. ಪುಣ್ಯಕ್ಕೆ ಡೆನ್ಮಾರ್ಕಿನಲ್ಲಿ 2015ರಲ್ಲಿ ಇದನ್ನೂ, ವಾರಕ್ಕೆ ಮೂರೇ ದಿನ ಭಾರ ಜಾಸ್ತಿ ಹಾಕಿ ನಿಧಾನಕ್ಕೆ ಮಾಡುವ ಕ್ರಮವನ್ನೂ ಹೋಲಿಸಿ ನೋಡಿದರು. ಫಲಿತಾಂಶ ಒಂದೇ ಥರ. ಹಾಗಾಗಿ ನನ್ನ ಹತ್ತಿರ ಬರುವವರಿಗೆ ವಾರಕ್ಕೆ ಮೂರು ದಿನದ್ದನ್ನೇ ಹೇಳುತ್ತೇನೆ. ಮಧ್ಯದಲ್ಲಿ ಒಂದು ದಿನ ಬಿಡುವು ಇದ್ದರೆ ಟೆಂಡನ್ನಿಗೂ ಒಳ್ಳೆಯದು. ಭಾರ ಬಿದ್ದದ್ದರ ಪರಿಣಾಮ ಅದರಲ್ಲಿ ಒಂದೆರಡು ದಿನ ಇರುತ್ತದೆ.

ನಿಮಗೆ ನಾನು ಹೇಳುವ ಹನ್ನೆರಡು ವಾರದ ಕ್ರಮ ಹೀಗೆ. ಗೋಡೆ ಹಿಡಿದು ನಿಂತು, ಎರಡೂ ಕಾಲಿನ ಮೇಲೆ ತುದಿಗಾಲಿಗೆ ಏರಿ. ಏರಲು ಮೂರು ಎಣಿಕೆ, ಇಳಿಯಲು ಮೂರು ಎಣಿಕೆ. ನಿಧಾನ ಅನ್ನುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ, ಪುಟಪುಟನೆ ಹದಿನೈದು ಏರಿಳಿದರೆ ಏನೂ ಮಾಡಿದ ಹಾಗಲ್ಲ. ಹದಿನೈದು ಸಲದ ಮೂರು ಸುತ್ತು ಸಲೀಸಾದರೆ ಒಂಟಿ ಕಾಲಿಗೆ ಬನ್ನಿ. ಒಂಟಿ ಕಾಲಿನಲ್ಲಿ ಸಲೀಸಾದರೆ ಬೆನ್ನಿಗೆ ಒಂದು ಚೀಲ ಹಾಕಿಕೊಳ್ಳಿ, ಅದರಲ್ಲಿ ಪುಸ್ತಕವೋ ನೀರಿನ ಬಾಟಲಿಯೋ ತುಂಬಿಸಿ, ವಾರ ವಾರ ಒಂದೆರಡು ಕಿಲೋ ಏರಿಸಿ. ಭಾರ ಏರಿದ ಹಾಗೆ ಎಣಿಕೆ ಹದಿನೈದರಿಂದ ಹತ್ತಕ್ಕೆ, ಎಂಟಕ್ಕೆ ಇಳಿಯಲಿ. ಒಂದು ದಿನ ಮಂಡಿ ನೇರ, ಇನ್ನೊಂದು ದಿನ ಮಂಡಿ ಸ್ವಲ್ಪ ಬಗ್ಗಿಸಿ. ಬಗ್ಗಿಸಿದಾಗ ಮೀನಖಂಡದ ಒಳಪದರದ ಸ್ನಾಯು ದುಡಿಯುತ್ತದೆ, ಓಡುವಾಗ ಜಾಸ್ತಿ ಹೊರೆ ಹೊರುವುದು ಅದೇ. ನಿಮ್ಮ ನೋವು ಹಿಮ್ಮಡಿಯಿಂದ ಮೇಲಿದೆ, ಆದ್ದರಿಂದ ಕೆಲವು ವಾರದ ನಂತರ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಕೆಳಗಿಳಿಸಿ ಮಾಡಬಹುದು. ಇದನ್ನು ಓದುತ್ತಿರುವ ಬೇರೆಯವರಿಗೆ ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ನೋವಿದ್ದರೆ ಸಮತಟ್ಟು ನೆಲದ ಮೇಲೇ ಮಾಡಿ, ಕೆಳಗಿಳಿಸಬೇಡಿ. ಗೋಡೆಗೆ ಪಾದ ಒತ್ತಿ ಮೀನಖಂಡ ಎಳೆಯುವುದೂ ಬೇಡ. ಅಲ್ಲಿ ಎಳೆದಷ್ಟೂ ಟೆಂಡನ್ ಮೂಳೆಗೆ ಒತ್ತಿ ಕೆರಳುತ್ತದೆ.

ನೋವಾದರೆ? ಇದು ಎಲ್ಲರೂ ಕೇಳುವ ಪ್ರಶ್ನೆ, ಉತ್ತರ ಕೇಳಿ ಎಲ್ಲರೂ ಹುಬ್ಬೇರಿಸುತ್ತಾರೆ. ಸ್ವಲ್ಪ ನೋವಾದರೆ ಪರವಾಗಿಲ್ಲ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದಷ್ಟು ಎಂದಿಟ್ಟುಕೊಂಡರೆ, ಎರಡರವರೆಗೆ ತಲೆ ಕೆಡಿಸಿಕೊಳ್ಳಬೇಡಿ. ಐದರವರೆಗೆ ನಡೆಯುತ್ತದೆ. ಐದು ದಾಟಿದರೆ ಅವತ್ತಿಗೆ ನಿಲ್ಲಿಸಿ. 2007ರಲ್ಲಿ ಸ್ವೀಡನ್ನಿನಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಒಂದು ಗುಂಪಿನವರಿಗೆ ಈ ಐದರ ಮಿತಿಯೊಳಗೆ ಓಟ, ನೆಗೆತ ಮುಂದುವರಿಸಲು ಬಿಟ್ಟರು, ಇನ್ನೊಂದು ಗುಂಪಿನವರಿಗೆ ಆರು ವಾರ ಓಟ ಬಿಡಿಸಿದರು. ವ್ಯಾಯಾಮ ಇಬ್ಬರಿಗೂ ಒಂದೇ. ಕೊನೆಗೆ ಇಬ್ಬರೂ ಅಷ್ಟೇ ಸುಧಾರಿಸಿದರು. ಓಡಿದ್ದರಿಂದ ಕೆಡುಕಾದದ್ದು ಕಾಣಲಿಲ್ಲ.

ಆದರೆ ಮಾಡುವಾಗಿನ ನೋವಿಗಿಂತ ನಾನು ನಂಬುವುದು ಮಾರನೆಯ ಬೆಳಿಗ್ಗೆಯನ್ನು. ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆ. ಕಾಲು ಎಷ್ಟು ಬಿಗಿಯಾಗಿದೆ, ಬಿಗಿ ಬಿಡಲು ಎಷ್ಟು ನಿಮಿಷ ಹಿಡಿಯಿತು? ದಿನವೂ ಇರುವಷ್ಟೇ ಇದ್ದರೆ ನಿನ್ನೆ ಮಾಡಿದ್ದು ಸರಿಯಿತ್ತು. ಜಾಸ್ತಿ ಇದ್ದರೆ ನಿನ್ನೆ ಜಾಸ್ತಿ ಆಯಿತು, ಮುಂದಿನ ಸಲ ಒಂದು ಸುತ್ತು ಕಡಿಮೆ ಮಾಡಿ. ಕಡಿಮೆ ಮಾಡಿ ಎಂದೆ, ಬಿಟ್ಟುಬಿಡಿ ಎನ್ನಲಿಲ್ಲ. ಒಂದು ಸಣ್ಣ ಡೈರಿಯಲ್ಲಿ ದಿನಾ ಒಂದು ಅಂಕಿ ಬರೆದಿಡಿ. ಟೆಂಡನ್ ಓಡುವಾಗ ಸುಮ್ಮನಿರುತ್ತದೆ. ಬಿಸಿಯಾದ ಮೇಲೆ ನೋವು ಕರಗಿಯೇ ಹೋಗುತ್ತದೆ, ನಾವು ಖುಷಿಯಿಂದ ಇನ್ನೊಂದು ಕಿಲೋಮೀಟರ್ ಓಡುತ್ತೇವೆ, ಲೆಕ್ಕ ಚುಕ್ತಾ ಆಗುವುದು ಮಾರನೆಯ ದಿನ. ಮೂರು ಸಲವೂ ನೀವು ಮೋಸ ಹೋದದ್ದು ಇಲ್ಲೇ ಅಂತ ನನ್ನ ಊಹೆ.

ಈ ಹನ್ನೆರಡು ವಾರ ಉಳಿದ ದೇಹವನ್ನು ಏನು ಮಾಡುವುದು? ಒಂದು ಕಡೆ ಪೆಟ್ಟಾದರೆ ಇಡೀ ಮನುಷ್ಯರನ್ನೇ ಮೂಲೆಗೆ ಕೂರಿಸುವ ಅಭ್ಯಾಸ ನಮಗಿದೆ. ನಿಮಗೆ ತೊಂದರೆ ಇರುವುದು ಒಂದು ಕಾಲಿನ ಒಂದು ಗೇಣು ಜಾಗದಲ್ಲಿ. ಹೃದಯಕ್ಕೆ, ಶ್ವಾಸಕೋಶಕ್ಕೆ, ಬಲಗಾಲಿಗೆ, ಎರಡೂ ಕೈಗೆ ಯಾರೂ ರಜೆ ಕೇಳಿಲ್ಲ. ಸೈಕಲ್ ತುಳಿಯಿರಿ, ಪೆಡಲನ್ನು ಹಿಮ್ಮಡಿಯ ಹತ್ತಿರಕ್ಕೆ ಇಟ್ಟುಕೊಂಡು ತುಳಿದರೆ ಟೆಂಡನ್ನಿಗೆ ಅಷ್ಟು ಎಳೆತ ಬೀಳುವುದಿಲ್ಲ. ಈಜು ಬಂದರೆ ಈಜಿ. ಕುತ್ತಿಗೆಯುದ್ದದ ನೀರಿನಲ್ಲಿ ಸೊಂಟಕ್ಕೆ ತೇಲುವ ಪಟ್ಟಿ ಕಟ್ಟಿಕೊಂಡು, ಪಾದ ನೆಲಕ್ಕೆ ತಾಗದ ಹಾಗೆ ಓಡುವುದೂ ಇದೆ, ಗಾಯಗೊಂಡ ಓಟಗಾರರು ದಮ್ಮು ಉಳಿಸಿಕೊಳ್ಳುವುದು ಹಾಗೆಯೇ.

ಬಲಗಾಲಿನ ಬಗ್ಗೆ ಒಂದು ಸ್ವಾರಸ್ಯ. 1894ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಕೈಗೆ ಮಾತ್ರ ಅಭ್ಯಾಸ ಮಾಡಿಸಿ ನೋಡಿದ್ದರು, ಇನ್ನೊಂದು ಕೈಯ ಬಲವೂ ಏರಿತ್ತು. ಸ್ನಾಯು ದಪ್ಪವಾಗುವುದಲ್ಲ, ಮಿದುಳು ಮತ್ತು ನರಗಳು (ಇವು ನಿಜವಾದ ನರಗಳು) ಸ್ನಾಯುವನ್ನು ಎಬ್ಬಿಸುವುದನ್ನು ಕಲಿಯುತ್ತವೆ, ಆ ಕಲಿಕೆ ಎರಡೂ ಕಡೆಗೆ ಹಂಚಿಕೊಳ್ಳುತ್ತದೆ. ಆರು ವರ್ಷದ ಹಿಂದೆ ನಾನು ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಹಾಕಿದ ಆರು ವಾರವೂ ಬಲಗೈಯಲ್ಲಿ ಡಂಬೆಲ್ ಎತ್ತುತ್ತಿದ್ದೆ. ಮನೆಯವರು ನಕ್ಕರು. ಪ್ಲಾಸ್ಟರ್ ಬಿಚ್ಚಿದಾಗ ಎಡಗೈ ಸೊರಗಿತ್ತು ನಿಜ, ಆದರೆ ಎಣಿಸಿದ್ದಕ್ಕಿಂತ ಬೇಗ ಹಿಡಿತಕ್ಕೆ ಬಂತು. ಇಷ್ಟೆಲ್ಲ ಗೊತ್ತಿದ್ದೂ, ಎಂಟನೇ ವಾರಕ್ಕೇ ಶಟಲ್ ಆಡಲು ಹೋಗಿ ಮಣಿಕಟ್ಟು ಊದಿಸಿಕೊಂಡು ಬಂದೆ. ಬೇರೆಯವರಿಗೆ ಹೇಳುವುದು ಸುಲಭ ಅಲ್ವಾ.

ಎಷ್ಟು ಜೋರಾಗಿ ಮಾಡಬೇಕು ಎಂದು ಕೇಳಿದರೆ, ಬಿಪಿ ಮಾತ್ರೆಯಿಂದಾಗಿ ಒಂದು ಎಚ್ಚರಿಕೆ. 220ರಿಂದ ವಯಸ್ಸು ಕಳೆದು ಎದೆಬಡಿತದ ಮಿತಿ ಲೆಕ್ಕ ಹಾಕುವ ಸೂತ್ರ ವಾಚುಗಳಲ್ಲೂ ಇರುತ್ತದೆ. ನಿಮ್ಮ ಮಾತ್ರೆ ಬೀಟಾ ಬ್ಲಾಕರ್ ಆಗಿದ್ದರೆ, ಅಂದರೆ ಅಟೆನೊಲೋಲ್, ಮೆಟೊಪ್ರೊಲೋಲ್ ಥರ ಕೊನೆಗೆ "ಲೋಲ್" ಬರುವಂಥದ್ದು, ಅದು ಎದೆಬಡಿತವನ್ನೇ ತಗ್ಗಿಸಿ ಇಡುತ್ತದೆ, ಆ ಲೆಕ್ಕ ನಿಮಗೆ ಹೊಂದುವುದಿಲ್ಲ. ಮಾತಿನ ಲೆಕ್ಕವೇ ವಾಸಿ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದಾದರೆ ಅದು ಮಧ್ಯಮ ಶ್ರಮ. ನಾಲ್ಕು ಪದಕ್ಕೊಮ್ಮೆ ಉಸಿರು ಬೇಕಾದರೆ ಅದು ಜೋರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷದ ಜೋರು ಶ್ರಮ. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಈ ಕೊನೆಯ ಸಾಲನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಗೋಳು.

"ಈ ವಯಸ್ಸಿಗೆ ವಾಕಿಂಗ್ ಸಾಕು" ಎನ್ನುವ ಮನೆಯವರಿಗೆ ಹೇಳಬೇಕಾದದ್ದು ಅಲ್ಲೇ ಇದೆ. ವಾಕಿಂಗ್ ಒಳ್ಳೆಯದು, ಬಿಡಬೇಡಿ. ಆದರೆ ಅದೊಂದೇ ಸಾಲದು. ವಯಸ್ಸಾದ ಹಾಗೆ ಮೊದಲು ಕರಗುವುದು ವೇಗದ ಸ್ನಾಯು ಎಳೆಗಳು, ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಬೀಳದಂತೆ ತಡೆಯುವುದು ಅವೇ. ನಿಧಾನದ ನಡಿಗೆಯಲ್ಲಿ ಆ ಎಳೆಗಳಿಗೆ ಕೆಲಸವೇ ಸಿಗುವುದಿಲ್ಲ. ಮೂಳೆಯೂ ಹಾಗೆಯೇ, ಭಾರ ಬಿದ್ದರೆ ಗಟ್ಟಿ, ಬೀಳದಿದ್ದರೆ ಟೊಳ್ಳು. ಬಾಹ್ಯಾಕಾಶದಲ್ಲಿ ತೂಕವೇ ಇಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ಕ್ಕಿಂತ ಜಾಸ್ತಿ ಸವೆಯುತ್ತದೆ, ಅದನ್ನು ತಡೆಯಲು ಅವರು ದಿನಕ್ಕೆ ಸುಮಾರು ಎರಡು ತಾಸು ವ್ಯಾಯಾಮ ಮಾಡಬೇಕಾಗುತ್ತದೆ. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ. ನೀವು ಈಗ ಅಲ್ಲಿದ್ದೀರಿ. ನಿಮ್ಮ ವಯಸ್ಸಿಗೆ ಭಾರ ಎತ್ತುವುದು ಮೊದಲಿಗಿಂತ ಜಾಸ್ತಿ ಬೇಕು ಎಂದು ನಾನು ಹೇಳುವುದು ಇದಕ್ಕೇ.

"ವಯಸ್ಸಾದ ಮೇಲೆ ಸ್ನಾಯು ಎಲ್ಲಿ ಬೆಳೆಯುತ್ತದೆ" ಎಂದು ಯಾರಾದರೂ ಅಂದರೆ 1990ರಲ್ಲಿ ಬೋಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮಾಡಿದ್ದನ್ನು ಹೇಳಿ. ವೃದ್ಧಾಶ್ರಮದಲ್ಲಿದ್ದ ಹತ್ತು ಜನ, 86ರಿಂದ 96 ವಯಸ್ಸು. ಎಂಟು ವಾರ, ವಾರಕ್ಕೆ ಮೂರು ದಿನ, ತೊಡೆಗೆ ಭಾರದ ವ್ಯಾಯಾಮ, ಸುಮ್ನೆ ಕಾಲಾಡಿಸುವುದಲ್ಲ, ಅವರಿಗೆ ನಿಜಕ್ಕೂ ಭಾರ ಎನಿಸುವಷ್ಟು. ಕಾಲಿನ ಬಲ ಸರಾಸರಿ ಶೇಕಡಾ 174 ಏರಿತು. ಅವರ ಮುಂದೆ ನೀವಿನ್ನೂ ಹುಡುಗಿ.

ಹಾಗಾಗಿ ಮೀನಖಂಡದ ವ್ಯಾಯಾಮದ ದಿನವೇ ಇವನ್ನೂ ಸೇರಿಸಿ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಆಮೇಲೆ ಕೈಯಲ್ಲಿ ಭಾರ ಹಿಡಿದು ಅದೇ. ನೆಲದಿಂದ ಭಾರ ಎತ್ತುವುದು, ಇದನ್ನು ಬಲ್ಲವರ ಮುಂದೆ ಕಲಿಯಿರಿ. ಕೈಗೆ ತಳ್ಳುವ ವ್ಯಾಯಾಮ ಒಂದು, ಎಳೆಯುವ ವ್ಯಾಯಾಮ ಒಂದು. ಕೊನೆಯ ಎರಡು ಸಲ ಕಷ್ಟವಾಗಬೇಕು, ಆಗದಿದ್ದರೆ ಭಾರ ಸಾಲದು. ಉಸಿರು ಬಿಗಿಹಿಡಿಯಬೇಡಿ, ಬಿಪಿ ಇರುವವರಿಗೆ ಅದು ಒಳ್ಳೆಯದಲ್ಲ. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲಿ, ಹತ್ತಿರ ಹಿಡಿದುಕೊಳ್ಳಲು ಏನಾದರೂ ಇರಲಿ. ಊಟದಲ್ಲಿ ಪ್ರೋಟೀನ್, ತೂಕದ ಕಿಲೋಗೆ 1ರಿಂದ 1.2 ಗ್ರಾಂನಷ್ಟು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. ನಿದ್ದೆಯ ಬಗ್ಗೆ ನಾನು ಹೇಳುವುದು ಏನೂ ಇಲ್ಲ, ನಿಮಗೇ ಗೊತ್ತಿದೆ.

ವಯಸ್ಸು ಲೆಕ್ಕಕ್ಕೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಅದು ಕಾಣಿಸುವುದು ಸುಧಾರಿಸಿಕೊಳ್ಳುವ ಸಮಯದಲ್ಲಿ. 30ರಲ್ಲಿ ಇವತ್ತು ಜೋರಾಗಿ ಓಡಿ ನಾಳೆಯೂ ಓಡುತ್ತಿದ್ದಿರಿ. 57ಕ್ಕೆ ಜೋರು ಓಟದ ನಂತರ ಎರಡು ದಿನ ಬಿಡುವು ಬೇಕಾಗಬಹುದು. ಕೆನಡಾದ ಎಡ್ ವಿಟ್ಲಾಕ್ 2003ರಲ್ಲಿ 72ನೇ ವಯಸ್ಸಿಗೆ ಮ್ಯಾರಥಾನನ್ನು ಮೂರು ತಾಸಿನೊಳಗೆ ಮುಗಿಸಿದರು, 70 ದಾಟಿದವರಲ್ಲಿ ಅದು ಮೊದಲು. 2016ರಲ್ಲಿ 85ಕ್ಕೆ ನಾಲ್ಕು ತಾಸಿನೊಳಗೆ ಓಡಿದರು. ಅವರ ಹಾಗೆ ಓಡಿ ಎನ್ನುತ್ತಿಲ್ಲ, ಅಂಥವರು ಕೋಟಿಗೊಬ್ಬರು. ನನಗೆ ಇಷ್ಟವಾಗುವುದು ಬೇರೆ. ಮಂಡಿ ತೊಂದರೆಯಿಂದ ಅವರೂ ಎಷ್ಟೋ ತಿಂಗಳು ಓಡದೆ ಕೂತಿದ್ದರು, ಮತ್ತೆ ಮೊದಲಿಂದ ಕಟ್ಟಿಕೊಂಡಿದ್ದರು.

ಓಟಕ್ಕೆ ಯಾವಾಗ ವಾಪಸ್ ಎಂಬುದಕ್ಕೆ ನಾನು ಕ್ಯಾಲೆಂಡರ್ ನೋಡುವುದಿಲ್ಲ. ಅರ್ಧ ಗಂಟೆ ಬಿರುಸಾಗಿ ನಡೆದು ಮಾರನೆಯ ಬೆಳಿಗ್ಗೆ ಕಾಲು ಬಿಗಿ ಏರಿರಬಾರದು. ಎಡಗಾಲೊಂದರ ಮೇಲೆ 20 ಸಲ ಪೂರ್ತಿ ಎತ್ತರಕ್ಕೆ ಏರಿಳಿಯಬೇಕು, ಬಲಗಾಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಬಾರದು. ಅದೇ ಒಂಟಿ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಿದರೆ ನೋವು ಎರಡು ದಾಟಬಾರದು. ಇವತ್ತೇ ಎಣಿಸಿ ನೋಡಿ, ನೋವಿಲ್ಲ ಎನ್ನುತ್ತಿದ್ದೀರಲ್ಲ, ಎಡಗಾಲಿನಲ್ಲಿ ಎಂಟೋ ಹತ್ತೋ ಆಗುವಷ್ಟರಲ್ಲಿ ಸೋತರೆ ಮೂರು ಸಲ ಯಾಕೆ ಹಾಗಾಯಿತು ಎಂಬುದಕ್ಕೆ ಉತ್ತರ ಸಿಕ್ಕಿತು.

ಇವು ಮೂರೂ ಆದ ಮೇಲೆ ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ಸಮತಟ್ಟು ದಾರಿಯಲ್ಲಿ, ವಾರಕ್ಕೆ ಎರಡು ಮೂರು ದಿನ, ಎರಡು ಓಟದ ನಡುವೆ ಕನಿಷ್ಠ ಒಂದು ದಿನ ಬಿಟ್ಟು. "ಇಷ್ಟೇನಾ" ಅನ್ನಿಸುತ್ತದೆ. ಅನ್ನಿಸಲಿ. ಬೆಳಗಿನ ಅಂಕಿ ಏರದಿದ್ದರೆ ಓಟದ ನಿಮಿಷ ಹೆಚ್ಚಿಸಿ, ನಡಿಗೆ ಕಡಿಮೆ ಮಾಡಿ. ಒಂದು ಸಲಕ್ಕೆ ಒಂದನ್ನೇ ಏರಿಸಿ: ದೂರ ಏರಿಸಿದ ವಾರ ವೇಗ ಬೇಡ, ಏರುದಾರಿ ಕೊನೆಗೆ. ವೇಗ ಮತ್ತು ಏರು ಎರಡೂ ಟೆಂಡನ್ನನ್ನು ಜಾಸ್ತಿ ಎಳೆಯುತ್ತವೆ. ತೆಳು ತಳದ ಶೂ ಕೂಡ. ಮೊದಲ ತಿಂಗಳುಗಳಲ್ಲಿ ಹಿಮ್ಮಡಿ ಸ್ವಲ್ಪ ಎತ್ತರ ಇರುವ ಶೂ ಹಾಕಿಕೊಳ್ಳಿ. ಓಟ ಶುರುವಾಯಿತು ಎಂದು ಮೀನಖಂಡದ ವ್ಯಾಯಾಮ ಬಿಡಬೇಡಿ, ವಾರಕ್ಕೆ ಎರಡು ದಿನ ಅದು ನಿಮಗೆ ಇನ್ನು ಖಾಯಂ.

ಯಾರಾದರೂ ಟೆಂಡನ್ನಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಬೇಗ ಹೋಗುತ್ತದೆ ಎಂದರೆ ಒಪ್ಪಬೇಡಿ. ನೋವು ಹೋಗಬಹುದು, ಹರಿಯುವ ಅಪಾಯ ಉಳಿಯುತ್ತದೆ. ಓಡುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ, ಟಪ್ ಎಂದು ಸದ್ದಾದ ಹಾಗೆ ಆಗಿ, ಆಮೇಲೆ ತುದಿಗಾಲಿನಲ್ಲಿ ನಿಲ್ಲಲು ಆಗದಿದ್ದರೆ ಟೆಂಡನ್ ಹರಿದಿದೆ ಎಂದೇ ತಿಳಿದು ಅವತ್ತೇ ಆಸ್ಪತ್ರೆಗೆ ಹೋಗಿ. ಓಡದೇ ಇದ್ದರೂ ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಉಜ್ಜಬೇಡಿ, ಕಾಯಬೇಡಿ. ಎದೆನೋವು, ತಲೆಸುತ್ತು ಬಂದರೂ ಹಾಗೆಯೇ.

ಹತ್ತು ವಾರದ ಆಚೆ ಇರುವ 10 ಕಿ.ಮೀ. ಓಟಕ್ಕೆ ಬರುತ್ತೇನೆ. ನನ್ನ ಉತ್ತರ, ಈ ಸಲ ಬೇಡ. ಹತ್ತನೇ ವಾರಕ್ಕೆ ನೀವು, ಎಲ್ಲ ಸರಿಯಾಗಿ ನಡೆದರೆ, ಚೀಲ ಹೊತ್ತು ಒಂಟಿ ಕಾಲಿನಲ್ಲಿ ಏರಿಳಿಯುತ್ತಿರುತ್ತೀರಿ, ಬಹುಶಃ ನಿಮಿಷದ ಓಟವೂ ಶುರುವಾಗಿರುತ್ತದೆ. ಸಾಲುಗಟ್ಟಿ ನಿಂತ ಓಟಗಾರರ ನಡುವೆ ನಿಂತರೆ ಯಾರೂ ನಿಮಿಷಕ್ಕೊಮ್ಮೆ ನಡೆಯುವುದಿಲ್ಲ, ನೀವೂ ನಡೆಯುವುದಿಲ್ಲ, ನನಗೆ ಓಟಗಾರರ ಬುದ್ಧಿ ಗೊತ್ತು. ಅದೇ ಕಾರ್ಯಕ್ರಮದಲ್ಲಿ 3 ಕಿ.ಮೀ. ನಡಿಗೆಯೋ 5 ಕಿ.ಮೀ. ನಡಿಗೆಯೋ ಇದ್ದರೆ ಹೆಸರನ್ನು ಅದಕ್ಕೆ ಬದಲಾಯಿಸಿಕೊಳ್ಳಿ, ಮನೆಯವರನ್ನೂ ಕರೆದುಕೊಂಡು ಹೋಗಿ, ವಾಕಿಂಗ್ ಸಾಕು ಅಂದವರು ಅವರೇ ತಾನೇ. ಹನ್ನೆರಡನೇ ವಾರಕ್ಕೆ ಎಡಗಾಲಿನಲ್ಲಿ ಎಷ್ಟು ಏರಿಳಿದಿರಿ, ಬಲಗಾಲಿನಲ್ಲಿ ಎಷ್ಟು, ಆ ಎರಡು ಅಂಕಿ ಬರೆದು ಕಳಿಸಿ. 10 ಕಿ.ಮೀ. ಯಾವ ತಿಂಗಳಿಗೆ ಇಟ್ಟುಕೊಳ್ಳಬಹುದು ಎಂದು ಆಗ ನೋಡೋಣ.